ಉಪಕಾರ ಸ್ಮರಣೆಗೂ ಒಪ್ಪಿಗೆ ಬೇಕು

ಮುಕ್ತ ತಂತ್ರಾಂಶಕ್ಕಾಗಿ ಬಿಟ್ಟಿ ದುಡಿಯುವವರಿಗೆ ಸಿಗುವ ಕೂಲಿಯೆಂದರೆ ಹೆಸರು. ಯಾರ ಹೆಸರನ್ನೂ ಬಿಡಬಾರದೆಂಬ ಒಳ್ಳೆಯ ರೂಢಿ ಅಲ್ಲಿದೆ. ಆ ರೂಢಿಯನ್ನು ಚಾಚೂ ತಪ್ಪದೆ ಪಾಲಿಸುವ ಗುಮಾಸ್ತ ‘ಗಿಟ್’. ಲಿನಕ್ಸ್ ಕರ್ನೆಲ್‌ನ ಕೆಲಸಕ್ಕೆಂದು 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆದ ತಂತ್ರಾಂಶ ಇದು.

ಒಂದು ಅಲ್ಪವಿರಾಮ ತಿದ್ದಿ ಕಮಿಟ್ ಮಾಡಿದರೂ, ಅಂದರೆ ಆ ಬದಲಾವಣೆಯನ್ನು ದಾಖಲಿಸಿದರೂ, ಗಿಟ್ ಒಂದು ಸಾಲು ಬರೆದಿಡುತ್ತದೆ: ನಿಮ್ಮ ಹೆಸರು, ಇ-ಮೇಲ್ ವಿಳಾಸ, 1970ರ ಜನವರಿ 1ರಿಂದ ಆ ಗಳಿಗೆಯವರೆಗೆ ಉರುಳಿದ ಸೆಕೆಂಡುಗಳ ಲೆಕ್ಕ, ಕೊನೆಯಲ್ಲಿ ನಿಮ್ಮ ಗಡಿಯಾರದ ಕಾಲವಲಯ. ಬೆಂಗಳೂರಿನಿಂದಾದರೆ +0530. ಇಂಥ ಸಾಲುಗಳನ್ನು ವರ್ಷಗಟ್ಟಲೆ ಒಟ್ಟುಗೂಡಿಸಿದರೆ ಆ ಮನುಷ್ಯ ಎಷ್ಟು ಹೊತ್ತಿಗೆ ಏಳುತ್ತಾನೆ, ಯಾವ ಹಬ್ಬಕ್ಕೆ ರಜೆ ಹಾಕುತ್ತಾನೆ, ಯಾವಾಗ ವಿದೇಶಕ್ಕೆ ಹೋಗಿದ್ದ ಎಂಬುದನ್ನೆಲ್ಲ ಊಹಿಸಬಹುದು. 2024ರ ಮಾರ್ಚ್‌ನಲ್ಲಿ ‘ಎಕ್ಸ್‌ಝಡ್’ ತಂತ್ರಾಂಶದೊಳಗೆ ಹಿಂಬಾಗಿಲು ಇಟ್ಟಿದ್ದು ಬಯಲಾದಾಗ, ಅದನ್ನಿಟ್ಟ ‘ಜಿಯಾ ಟಾನ್’ ಎಂಬ ಹೆಸರಿನ ಹಿಂದೆ ಯಾರಿದ್ದಾರೆಂದು ಹುಡುಕಹೊರಟವರು ಈ ಅಂಕಿಗಳನ್ನೂ ಜಾಲಾಡಿದರು. ಹೆಚ್ಚಿನವು +0800, ಅಲ್ಲೊಂದು ಇಲ್ಲೊಂದು +0200, +0300. ಗಡಿಯಾರದ ವಲಯವನ್ನು ಸುಳ್ಳುಸುಳ್ಳೇ ಹಾಕುವುದು ಕಷ್ಟವೇನಲ್ಲ. ಆದರೆ ಆ ಉಸಾಬರಿಗೆ ಹೋಗದ ಸಾಮಾನ್ಯರೇ ಇಲ್ಲಿ ಬೆತ್ತಲಾಗುವುದು.

ಆಮೇಲೆ ಬೇಡವೆನಿಸಿದರೆ ಅಳಿಸಬಹುದೇ? ಪ್ರತಿ ಕಮಿಟ್‌ಗೂ ಸಾಮಾನ್ಯವಾಗಿ 40 ಅಕ್ಷರಗಳ ಒಂದು ಗುರುತು ಇರುತ್ತದೆ. ಹೆಸರು, ಇ-ಮೇಲ್, ಸಮಯ, ಸಂದೇಶ, ಹಿಂದಿನ ಕಮಿಟ್‌ನ ಗುರುತು ಎಲ್ಲವನ್ನೂ ಅರೆದು ತೆಗೆದ ಸಾರ ಅದು. ಕಟ್ಟಿದ ಹೂಮಾಲೆಯ ನಡುವಿನ ಹೂ ಬದಲಿಸಲು ಅಲ್ಲಿಂದಾಚೆಗೆ ಪೂರ್ತಿ ಬಿಚ್ಚಿ ಕಟ್ಟಬೇಕಲ್ಲ, ಹಾಗೆಯೇ ಇದೂ. ಹಳೆಯ ಇ-ಮೇಲ್‌ನ ಒಂದಕ್ಷರ ತಿದ್ದಿದರೂ ನಂತರದ ಸಾವಿರಾರು ಕಮಿಟ್‌ಗಳ ಗುರುತು ಬದಲಾಗುತ್ತದೆ. ಅಷ್ಟರಲ್ಲಿ ಹಳೆಯದರ ನಕಲುಗಳು ಊರೂರು ಸೇರಿರುತ್ತವೆ.

ಇದಕ್ಕೆ ಗಿಟ್‌ನಲ್ಲೇ ‘ಮೇಲ್‌ಮ್ಯಾಪ್’ ಎಂಬ ಕಡತದ ಉಪಾಯವಿದೆ. ಹಳೆಯ ಹೆಸರಿನ ಜಾಗದಲ್ಲಿ ಹೊಸದನ್ನು ತೋರಿಸು ಎಂದು ಅದರಲ್ಲಿ ಬರೆದಿಟ್ಟರೆ ಪಟ್ಟಿಗಳಲ್ಲಿ ಹೊಸ ಹೆಸರೇ ಕಾಣುತ್ತದೆ. ಆದರೆ ಆ ಕಡತವನ್ನೇ ತೆರೆದು ನೋಡಿ: ಎರಡೂ ಗುರುತುಗಳು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಲಿಂಗ ಪರಿವರ್ತನೆಯ ನಂತರ ಹೆಸರು ಬದಲಿಸಿಕೊಂಡವರಿಗೆ, ಹಿಂಸಿಸುವ ಗಂಡನಿಂದ ಬಿಡಿಸಿಕೊಂಡು ಬಂದವರಿಗೆ ಈ ಮದ್ದು ರೋಗಕ್ಕಿಂತ ವಾಸಿಯೇನಲ್ಲ.

ಇಷ್ಟಾದರೂ ಇದು ನಾವೇ ಹಾಕಿದ ಸಹಿ. ಇನ್ನೊಬ್ಬರು ನಮ್ಮ ಹೆಸರು ಹಾಕುವುದು ಬೇರೆಯೇ ಮಾತು, ನನಗೆ ಹೆಚ್ಚು ಕಸಿವಿಸಿ ತರುವುದೂ ಅದೇ. ಯಾರೋ ಒಬ್ಬರು ತಮ್ಮ ಆಫೀಸಿನ ಸರ್ವರ್‌ನಲ್ಲಿ ಕಂಡ ದೋಷವನ್ನು ಖಾಸಗಿಯಾಗಿ ಬರೆದು ತಿಳಿಸುತ್ತಾರೆ. ಸರಿಪಡಿಸಿದವರು ಧನ್ಯವಾದದ ಭರದಲ್ಲಿ, ವರದಿ ಮಾಡಿದವರು ಇಂಥವರು ಎಂದು ಆಫೀಸಿನ ಇ-ಮೇಲ್ ಸಮೇತ ಕಮಿಟ್‌ಗೆ ಸೇರಿಸುತ್ತಾರೆ. ಆ ಕಂಪನಿ ಯಾವ ತಂತ್ರಾಂಶ ಬಳಸುತ್ತಿದೆ, ಅದರಲ್ಲಿ ಯಾವ ತೂತಿತ್ತು ಎಂಬುದೀಗ ಜಗಜ್ಜಾಹೀರು. ಲಿನಕ್ಸ್ ಕರ್ನೆಲ್‌ನವರು ಇದನ್ನು ಊಹಿಸಿ ನಿಯಮವನ್ನೇ ಬರೆದಿದ್ದಾರೆ: ದೋಷವನ್ನು ಖಾಸಗಿಯಾಗಿ ತಿಳಿಸಿದ್ದರೆ, ಹೆಸರು ಹಾಕುವ ಮೊದಲು ಅವರನ್ನು ಕೇಳಿ. ಸ್ವಂತ ಸಹಿಗೆ ನಿಜನಾಮವೇ ಆಗಬೇಕೆಂಬ ಪಟ್ಟನ್ನೂ ಅವರು 2023ರಲ್ಲಿ ಸಡಿಲಿಸಿದರು. ಪರಿಚಿತವಾದ ಗುರುತಿದ್ದರೆ ಸಾಕು, ಅನಾಮಧೇಯರಿಗೆ ಮಾತ್ರ ಜಾಗವಿಲ್ಲ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೇ ಗೆರೆ ಎಳೆಯುತ್ತದೆ. ವ್ಯಕ್ತಿ ತಾನಾಗಿ ಬಹಿರಂಗಪಡಿಸಿದ ಮಾಹಿತಿಯನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಉಪಕಾರ ಸ್ಮರಣೆಗೆಂದು ಇನ್ನೊಬ್ಬರು ಬಯಲಿಗೆ ತಂದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಕ್ರಿಯೇಟಿವ್ ಕಾಮನ್ಸ್‌ನ 4.0 ಪರವಾನಗಿ ಒಂದು ಹೆಜ್ಜೆ ಮುಂದಿದೆ. ಕರ್ತೃ ಬಯಸಿದರೆ ಕಾವ್ಯನಾಮವನ್ನೇ ಹಾಕಬೇಕು, ಹೆಸರು ತೆಗೆಯಿರಿ ಎಂದರೆ ಸಾಧ್ಯವಾದಷ್ಟು ಮಟ್ಟಿಗೆ ತೆಗೆಯಬೇಕು.

ಸ್ವಂತ ಸಹಿಯ ಮಟ್ಟಿಗೆ, ಗಿಟ್ ಕಡತಗಳನ್ನಿಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಇ-ಮೇಲ್ ಮರೆಮಾಚುವ ಸೌಲಭ್ಯವಿದೆ. ಅದು ನಿಮ್ಮ ನಿಜವಾದ ವಿಳಾಸದ ಬದಲು ಉತ್ತರಿಸಲಾಗದ ಒಂದು ವಿಳಾಸ ಕೊಡುತ್ತದೆ. ಅದನ್ನು ನಿಮ್ಮ ಕಂಪ್ಯೂಟರಿನ ಗಿಟ್‌ಗೂ ಹೇಳಿಕೊಡಬೇಕು, ಮತ್ತು ಮೊದಲ ಕಮಿಟ್‌ಗೆ ಮುಂಚೆಯೇ ಹೇಳಿಕೊಡಬೇಕು.