ದೊಡ್ಡ ಪರದೆಗೆ ಯಾವ ತಂತಿ?

ವರ್ತಕ ನಗರದ ಹಳೆಯ ಮ್ಹಾಡಾ ಕಟ್ಟಡಗಳ ಜಾಗದಲ್ಲಿ ಈಗ ಗಗನಚುಂಬಿಗಳು ಏಳುತ್ತಿವೆ. ಹೊಸ ಮನೆಗೆ ಹೋದವರು ಗೋಡೆಯಗಲದ ಟೆಲಿವಿಷನ್ ತರುವುದು ವಾಡಿಕೆಯೇ ಆಗಿದೆ. ಊರಿನ ಮಾತು ಕಿವಿಗೆ ಬೀಳಲೆಂದು ಕನ್ನಡ ವಾಹಿನಿಗಳನ್ನು ಹಾಕಿಸಿ, ಎಚ್.ಡಿ.ಗೆಂದು ತಿಂಗಳು ತಿಂಗಳೂ ಹೆಚ್ಚಿನ ಹಣ ತೆರುವವರೂ ಉಂಟು. ಇಷ್ಟಾದರೂ ಚಿತ್ರ ಮಸುಕು! ‘ಹಳೆಯ ಪೆಟ್ಟಿಗೆಯೇ ವಾಸಿಯಿತ್ತು’ ಎಂದು ಅಜ್ಜ ಗೊಣಗುತ್ತಾರೆ. ಮಗ ಕೇಬಲ್‌ವಾಲಾನನ್ನು ದೂರುತ್ತಾನೆ. ಕೇಬಲ್‌ವಾಲಾ ಟೆಲಿವಿಷನ್ನಿನತ್ತ ಬೆರಳು ತೋರಿಸುತ್ತಾನೆ. ಪೆಟ್ಟಿಗೆಯ ಬೆನ್ನ ಹಿಂದೆ ಬಗ್ಗಿ ನೋಡಿದವರು ಮಾತ್ರ ಯಾರೂ ಇಲ್ಲ.

ಅಲ್ಲಿ ಹಳದಿ, ಕೆಂಪು, ಬಿಳಿ ಬಣ್ಣದ ಮೂರು ಮೂತಿಯ ತಂತಿಯಿದ್ದರೆ ರೋಗದ ಮೂಲ ಅದೇ ಎನ್ನಬಹುದು. ಕೆಂಪು ಬಿಳಿಗಳದು ಧ್ವನಿಯ ಕೆಲಸ. ಚಿತ್ರವೆಲ್ಲ ಬರುವುದು ಹಳದಿಯೊಂದರಲ್ಲಿ.

ಕೇಬಲ್ ಅನ್ನು ಡಿಜಿಟಲ್ ಮಾಡಲು ಸರಕಾರವು ಮುಂಬಯಿಗೆ 2012ರ ಅಕ್ಟೋಬರ್ 31ರ ಗಡುವನ್ನೂ, ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬಯಿಗಳಿಗೆ 2013ರ ಮಾರ್ಚ್ 31ರ ಗಡುವನ್ನೂ ವಿಧಿಸಿತ್ತು. ಮನೆಮನೆಗೆ ಸೆಟ್-ಟಾಪ್ ಬಾಕ್ಸ್ ಬಂದದ್ದು ಆಗಲೇ. ಹೀಗೆ ಬಾಕ್ಸಿನವರೆಗೆ ಡಿಜಿಟಲ್ ಆಗಿ ಬಂದ ಚಿತ್ರ, ಅಲ್ಲಿಂದ ಪರದೆಗೆ ಹೋಗುವ ಕೊನೆಯ ಒಂದು ಗಜದಲ್ಲಿ ಹಳೆಯ ದಾರಿ ಹಿಡಿಯುತ್ತದೆ.

ಈ ಎರಡು ದಾರಿಗಳಿಗೆ ಭೇದವೇನು? ರಂಗೋಲಿಯ ಉದಾಹರಣೆ ತೆಗೆದುಕೊಳ್ಳೋಣ. ನೆರೆಮನೆಯ ಅಂಗಳದ ರಂಗೋಲಿಯನ್ನು ಕಣ್ಣಂದಾಜಿನಿಂದ ಬಿಡಿಸಿದರೆ ಗೆರೆ ಅಷ್ಟಿಷ್ಟು ಸೊಟ್ಟಗಾಗುತ್ತದೆ. ಅದನ್ನು ನೋಡಿ ಬಿಡಿಸಿದವರದು ಇನ್ನಷ್ಟು. ಅದೇ ಚುಕ್ಕಿ ರಂಗೋಲಿಯಾದರೆ ‘ಇಷ್ಟು ಚುಕ್ಕಿ, ಇಷ್ಟು ಸಾಲು’ ಎಂದು ಫೋನಿನಲ್ಲಿ ಹೇಳಿದರೂ ಸಾಕು, ಧಾರವಾಡದಲ್ಲಿ ಬಿಡಿಸಿದ್ದು ಠಾಣೆಯಲ್ಲಿ ಚಾಚೂ ತಪ್ಪದೆ ಮೂಡುತ್ತದೆ. ಅನಲಾಗ್ ಮೊದಲನೆಯ ಬಗೆ, ಡಿಜಿಟಲ್ ಎರಡನೆಯದು.

ಹಳದಿ ತಂತಿಗೆ ಇನ್ನೊಂದು ದೋಷವುಂಟು. ಬೆಳಕು, ಬಣ್ಣ ಎರಡನ್ನೂ ಅದರಲ್ಲಿ ಕಲಸಿ ಕಳುಹಿಸುತ್ತಾರೆ. ಟೆಲಿವಿಷನ್ ಅವನ್ನು ಮತ್ತೆ ಬೇರ್ಪಡಿಸಬೇಕು. ಬೇರ್ಪಡಿಸುವಾಗ ಎಡವುತ್ತದೆ. ನಾಯಕಿಯ ಇಳಕಲ್ ಸೀರೆಯ ಸಣ್ಣ ಚೌಕಳಿಯಲ್ಲಿ ಇಲ್ಲದ ಕಾಮನಬಿಲ್ಲು ಮಿನುಗುವುದು, ಅಕ್ಷರಗಳ ಅಂಚಿನಲ್ಲಿ ಚುಕ್ಕಿಗಳು ಇರುವೆಗಳಂತೆ ಹರಿಯುವುದು ಇದರಿಂದಲೇ. ಮೇಲಾಗಿ, ನಮ್ಮ ದೇಶದ ಪದ್ಧತಿಯಲ್ಲಿ ಈ ತಂತಿ ಹೊರಬಲ್ಲದ್ದು 576 ಗೆರೆಗಳ ಚಿತ್ರವನ್ನು ಮಾತ್ರ. ಚುಕ್ಕಿಗಳ ಲೆಕ್ಕದಲ್ಲಿ ಸುಮಾರು 4 ಲಕ್ಷ. ಪೂರ್ಣ ಎಚ್.ಡಿ.ಗೆ 1080 ಗೆರೆ, 20 ಲಕ್ಷಕ್ಕೂ ಮಿಕ್ಕ ಚುಕ್ಕಿ. ಐದು ಸೇರು ಹಾಲಿಗೆ ದುಡ್ಡು ಕೊಟ್ಟು ಒಂದು ಸೇರಿನ ಚೊಂಬು ಹಿಡಿದಂತಾಯಿತು!

ಅನಲಾಗ್ ಎಂದರೆಲ್ಲ ಕೆಟ್ಟದ್ದೆಂದು ತಿಳಿಯಬಾರದು. ಕೆಂಪು, ಹಸಿರು, ನೀಲಿ ಮೂತಿಗಳ ಕಾಂಪೊನೆಂಟ್ ತಂತಿಯೂ ಅನಲಾಗೇ. ಬೆಳಕು ಬಣ್ಣಗಳನ್ನು ಬೇರೆ ಬೇರೆಯಾಗಿ ಒಯ್ಯುವ ಅದು ಎಚ್.ಡಿ. ಚಿತ್ರವನ್ನೂ ಹೊರಬಲ್ಲದು, ಸಾಧಾರಣ ಕೋಣೆಯಲ್ಲಿ ಕುಳಿತು ನೋಡುವವರಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಅದು ಹಿಂದೆ ಸರಿದದ್ದು ಚಿತ್ರ ಕೆಟ್ಟದ್ದರಿಂದಲ್ಲ, ನಕಲು ಮಾಡುವವರ ಭಯದಿಂದ ಎಂದೇ ನನ್ನ ಮತ. ಬ್ಲೂ-ರೇ ಯಂತ್ರಗಳನ್ನೇ ನೋಡಿ: 2010ರ ನಂತರ ತಯಾರಾದವು ಬ್ಲೂ-ರೇ ಚಲನಚಿತ್ರಗಳನ್ನು ಅನಲಾಗಿನಲ್ಲಿ ಎಚ್.ಡಿ.ಯಾಗಿ ಕೊಡುವಂತಿಲ್ಲ, 2013ರ ನಂತರದವು ಅನಲಾಗಿನಲ್ಲಿ ಕೊಡುವಂತೆಯೇ ಇಲ್ಲ ಎಂದು ಆ ಉದ್ಯಮದವರೇ ಕರಾರು ಮಾಡಿಕೊಂಡರು.

ಉಳಿದದ್ದು 2002ರ ಕೊನೆಯಲ್ಲಿ ರೂಪುಗೊಂಡ ಎಚ್.ಡಿ.ಎಂ.ಐ. ಚಪ್ಪಟೆ ಮೂತಿಯ ಒಂದೇ ತಂತಿ. ಚಿತ್ರ, ಧ್ವನಿ ಎರಡೂ ಅದರಲ್ಲೇ. ಇದನ್ನು ಕೊಳ್ಳುವಾಗ ಅಂಗಡಿಯವನು ಚಿನ್ನದ ಲೇಪ ತೋರಿಸಿ ದುಬಾರಿಯದನ್ನು ಮುಂದೆ ಮಾಡಿದರೆ ಮರುಳಾಗಬೇಡಿ. ಅಂಕಿಗಳು ಸರಿಯಾಗಿ ತಲುಪಿದರೆ ಅಗ್ಗದ ತಂತಿಯ ಚಿತ್ರವೂ ಅದೇ, ದುಬಾರಿಯದರದೂ ಅದೇ. ಹತ್ತು ಹದಿನೈದು ಮೀಟರ್ ಎಳೆಯುವವರು ಮಾತ್ರ ಗುಣಮಟ್ಟ ವಿಚಾರಿಸತಕ್ಕದ್ದು. ಅಂಕಿ ತಪ್ಪಿದರೂ ಚಿತ್ರ ಮೆಲ್ಲನೆ ಮಸುಕಾಗುವುದಿಲ್ಲ; ಕಿಡಿ ಹಾರುತ್ತದೆ, ಇಲ್ಲವೆ ಪರದೆ ಕಪ್ಪಾಗುತ್ತದೆ.

ತಂತಿ ಸಿಕ್ಕಿಸಿದೊಡನೆ ಕೆಲಸ ಮುಗಿಯಲಿಲ್ಲ. ರಿಮೋಟಿನ ಸೋರ್ಸ್ ಗುಂಡಿ ಒತ್ತಿ ಎಚ್.ಡಿ.ಎಂ.ಐ. ಆರಿಸಬೇಕು; ಬಾಕ್ಸಿನ ಸೆಟಿಂಗಿನಲ್ಲಿ 1080 ಎಂದಿರುವುದನ್ನು ಹಿಡಿಯಬೇಕು. ಹಾಗೆಂದು ಎಲ್ಲವೂ ಫಳಫಳಿಸದು. ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಅಂದಿನ ಚೌಕ ಪರದೆಗಾಗಿ ಮಾಡಿದ್ದು. ಅದನ್ನು ಅಗಲಕ್ಕೆ ಎಳೆದರೆ ಸ್ವಾಮಿಯೂ ಗೆಳೆಯರೂ ಊದಿಕೊಂಡಂತೆ ಕಾಣುತ್ತಾರೆ. ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬಿಟ್ಟು ನೋಡುವುದೇ ಚೆಂದ.

ಹಳದಿ ತಂತಿಯನ್ನು ಎಸೆಯಬೇಡಿ. ಮಗನ ಮುಂಜಿ, ತಂಗಿಯ ಮದುವೆಯ ವಿಡಿಯೊ ಕ್ಯಾಸೆಟ್ಟುಗಳು ಅಟ್ಟದಲ್ಲಿದ್ದರೆ, ಹಳೆಯ ವಿ.ಸಿ.ಆರ್. ಇನ್ನೂ ಓಡುತ್ತಿದ್ದರೆ, ಅವಕ್ಕೆ ಅದೇ ಬೇಕು. ಹೊಸ ಟೆಲಿವಿಷನ್ನುಗಳಲ್ಲಿ ಹಲವಕ್ಕೆ ಮೂರು ರಂಧ್ರಗಳ ಬದಲು ಎ.ವಿ. ಎಂದು ಬರೆದ ಒಂದೇ ಸಣ್ಣ ರಂಧ್ರವಿರುತ್ತದೆ. ಅದಕ್ಕೆ ಹೊಂದುವ ಗಿಡ್ಡ ತಂತಿಯನ್ನು ಟೆಲಿವಿಷನ್ ಕೊಳ್ಳುವಾಗಲೇ ಕೇಳಿ ಪಡೆಯುವುದು ಮೇಲು.