ಕುರುಚಲು ಗುಡ್ಡದ ಹಕ್ಕಿಗಳು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ತುಸು ಮುಂಚೆ ಬಾಬುರಾಯನಕೊಪ್ಪಲು ಸಿಗುತ್ತದೆ. ಹಕ್ಕಿ ನೋಡಲು ಬರುವವರು ಇಲ್ಲಿ ನಿಲ್ಲುವುದಿಲ್ಲ; ನೇರವಾಗಿ ರಂಗನತಿಟ್ಟಿಗೆ ಹೋಗುತ್ತಾರೆ. ಅದು ಸಹಜವೇ. ಸಲೀಂ ಅಲಿ ಅವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ನಡುಗಡ್ಡೆಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಕಣ್ಣೆದುರೇ ಗೂಡು ಕಟ್ಟುತ್ತವೆ. ಆದರೆ ಶ್ರೀರಂಗಪಟ್ಟಣದ ಪೂರ್ವಕ್ಕೆ ಎದ್ದು ನಿಂತಿರುವ ಕರಿಘಟ್ಟದ ಕಡೆ ದುರ್ಬೀನು ತಿರುಗಿಸುವವರು ಕಡಿಮೆ. ವೆಂಕಟರಮಣಸ್ವಾಮಿಯ ದರ್ಶನಕ್ಕೆ ಬರುವ ಭಕ್ತರೇ ಅಲ್ಲಿ ಹೆಚ್ಚು. ನನ್ನ ಮಟ್ಟಿಗೆ ಈ ಸೀಮೆಯ ಹಕ್ಕಿಗಳ ಕಥೆ ನದಿಯಲ್ಲಿ ಅರ್ಧ ಇದ್ದರೆ ಉಳಿದರ್ಧ ಗುಡ್ಡಗಳಲ್ಲಿದೆ.

ಅದಕ್ಕೆ ಕಾರಣವೂ ಇದೆ. ಕನ್ನಂಬಾಡಿ ಕಟ್ಟೆ ಕಟ್ಟಿ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯುವ ಮೊದಲು ಇಲ್ಲಿನ ಬಯಲುಗಳಲ್ಲಿ ಬಹುಪಾಲು ರಾಗಿ, ಹುರುಳಿ ಬೆಳೆಯುವ ಬೆದ್ದಲು ಮತ್ತು ಮುಳ್ಳುಪೊದೆಗಳ ಗೋಮಾಳ ಇತ್ತು. ಈಗ ಕಣ್ಣು ಹಾಯುವವರೆಗೂ ಭತ್ತ, ಕಬ್ಬು. ಒಣನಾಡಿನ ಜೀವಿಗಳು ಹಿಂದೆ ಸರಿದು ಉಳಿದುಕೊಂಡಿರುವುದು ನೀರು ಹತ್ತದ ಈ ಗುಡ್ಡಗಳಲ್ಲಿ: ಕರಿಘಟ್ಟ, ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆಯ ಸಾಲು, ನಾಗಮಂಗಲದ ಕಡೆಯ ಆದಿಚುಂಚನಗಿರಿ.

ಕರಿಘಟ್ಟವನ್ನು ಬೆಳಕು ಹರಿಯುವ ಮುಂಚೆ ಹತ್ತಬೇಕು. ಮೊದಲು ಕೂಗುವುದು ಕೌಜುಗ, ಹಿಂದೆಯೇ ನವಿಲು. ನಂತರ ಚಿಟ್ಟುಮಡಿವಾಳ, ಮಧುರಕಂಠ, ಹರಟೆಮಲ್ಲಗಳು ಒಂದೊಂದಾಗಿ ದನಿಗೂಡಿಸುತ್ತವೆ. ಹಕ್ಕಿಗಳು ಮುಂಜಾನೆಯೇ ಇಷ್ಟು ಹಾಡುವುದೇಕೆ? ಆ ಹೊತ್ತಿನಲ್ಲಿ ಗಾಳಿ ನಿಶ್ಚಲವಾಗಿದ್ದು ದನಿ ದೂರ ಕೇಳುತ್ತದೆ. ಹುಳ ಹುಡುಕಲು ಇನ್ನೂ ಸಾಕಷ್ಟು ಬೆಳಕಿರುವುದಿಲ್ಲ. ಹೊಟ್ಟೆಪಾಡಿಗೆ ಹೊರಡುವ ಮೊದಲು ಗಂಡುಹಕ್ಕಿ ಸುತ್ತಲಿನವರಿಗೆ ‘ಈ ಜಾಗ ನನ್ನದು, ರಾತ್ರಿ ಕಳೆದು ಬದುಕಿದ್ದೇನೆ’ ಎಂದು ಸಾರಿಬಿಡುತ್ತದೆ.

ಕುರುಚಲು ಕಾಡಿನ ನಿಜವಾದ ತೋಟಗಾರ ಪಿಕಳಾರ. ಕಾರೆ, ಕವಳೆ, ಗೋಣಿಯಂಥ ಗಿಡಮರಗಳ ಹಣ್ಣು ನುಂಗಿ, ಬೀಜಗಳನ್ನು ಹಿಕ್ಕೆಯಲ್ಲಿ ಬೀಳಿಸುತ್ತ ಪೊದೆಯಿಂದ ಪೊದೆಗೆ ಹಾರುತ್ತದೆ. ಬಂಡೆಯ ಬಿರುಕಿನಲ್ಲಿ, ಮನುಷ್ಯ ನೆಡಲಾರದ ಜಾಗದಲ್ಲಿ, ಅತ್ತಿ ಜಾತಿಯ ಗಿಡವೊಂದು ಬೇರಿಳಿಸಿದ್ದರೆ ಅದು ಬಹುಮಟ್ಟಿಗೆ ಇಂಥ ಹಕ್ಕಿಗಳದೇ ಕೆಲಸ. ಅದೇ ಪಿಕಳಾರ ಲಂಟಾನದ ಬೀಜವನ್ನೂ ಹರಡುತ್ತದೆ ಎಂಬುದನ್ನು ಮರೆಯುವಂತಿಲ್ಲ. ಹೊರದೇಶದಿಂದ ಬಂದ ಆ ಪೊದೆ ನಮ್ಮ ಗುಡ್ಡಗಳನ್ನು ಕವಿದುಕೊಂಡಿರುವುದರಲ್ಲಿ ಹಣ್ಣು ತಿನ್ನುವ ಹಕ್ಕಿಗಳ ಪಾಲು ದೊಡ್ಡದು. ಕೆಮ್ಮೀಸೆ ಪಿಕಳಾರ, ಬಿಳಿಹುಬ್ಬಿನ ಪಿಕಳಾರ ಸುಲಭವಾಗಿ ಕಾಣುತ್ತವೆ. ಅವುಗಳ ಬಳಗದಲ್ಲೇ ಅಪರೂಪದ್ದು ಹಳದಿ ಕೊರಳಿನ ಪಿಕಳಾರ. 1845ರಲ್ಲಿ ಪಕ್ಷಿತಜ್ಞ ಜೆರ್ಡನ್ ವಿಜ್ಞಾನಲೋಕಕ್ಕೆ ಪರಿಚಯಿಸಿದ ಈ ಹಕ್ಕಿ ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹೆಬ್ಬಂಡೆ ಮತ್ತು ಪೊದೆ ಎರಡೂ ಕೂಡಿದ ಬೆಟ್ಟಗಳೇ ಅದಕ್ಕೆ ಬೇಕು. ನಂದಿಬೆಟ್ಟ, ರಾಮನಗರದ ಬೆಟ್ಟಗಳು ಅದರ ಹೆಸರಾಂತ ನೆಲೆಗಳು. ಕಲ್ಲು ಒಡೆದರೆ ಅದರ ಮನೆಯೇ ಹೋಗುತ್ತದೆ. ಅಳಿವಿನ ಭೀತಿಯಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅದು ಸೇರಿರುವುದಕ್ಕೆ ಗಣಿಗಾರಿಕೆಯೂ ಕಾರಣ.

ಬಿಸಿಲೇರುತ್ತಿದ್ದಂತೆ ಹಾಡು ನಿಲ್ಲುತ್ತದೆ, ಆಗ ಆಕಾಶ ನೋಡಬೇಕು. ಕಾದ ಬಂಡೆಯ ಮೇಲಿನ ಗಾಳಿ ಬಿಸಿಯಾಗಿ ಕಂಬದಂತೆ ಮೇಲೇರುತ್ತದೆ. ಬೆಳಿಗ್ಗೆಯೆಲ್ಲ ಸುಮ್ಮನೆ ಕೂತಿದ್ದ ದೊಡ್ಡ ಹಕ್ಕಿಗಳು ಅದನ್ನೇರಿ, ರೆಕ್ಕೆ ಬಡಿಯದೆ ಸುತ್ತುತ್ತ ಎತ್ತರಕ್ಕೆ ಹೋಗುತ್ತವೆ. ನದಿಯ ಕಡೆಯ ಬಣ್ಣದ ಕೊಕ್ಕರೆಗಳಿಗೂ ಇದೇ ಬಿಸಿಗಾಳಿ ಮೇವಿನ ದಾರಿ. ಹಾವುಗಿಡುಗ ಮಾತ್ರ ಗಾಳಿಗೆದುರಾಗಿ ಒಂದೇ ಕಡೆ ತೇಲುತ್ತ ಕೆಳಗಿನ ಹುಲ್ಲನ್ನು ದಿಟ್ಟಿಸುತ್ತದೆ. ಅದರ ಕಾಲುಗಳ ಕೆಳಭಾಗಕ್ಕೆ ಗರಿಯಿಲ್ಲ, ದಪ್ಪ ಹುರುಪೆಗಳಿವೆ. ಹಾವು ಕಚ್ಚಿದರೂ ಹಲ್ಲು ನಾಟುವುದು ಕಷ್ಟ.

ಮಧ್ಯಾಹ್ನ ಕಳೆದ ಮೇಲೆ ಮೇಲುಕೋಟೆಗೆ ಹೋಗುವುದು ಒಳ್ಳೆಯದು. ಅಲ್ಲಿನ 49.82 ಚದರ ಕಿಲೋಮೀಟರ್ ಕಾಡು 1974ರಲ್ಲಿ ವನ್ಯಧಾಮವಾಯಿತು. ತೋಳಗಳ ರಕ್ಷಣೆ ಆಗಿನ ಮುಖ್ಯ ಉದ್ದೇಶ. ಹೊತ್ತು ಮುಳುಗುವಾಗ ಇಂಥ ಗುಡ್ಡಗಳ ಬಂಡೆಚಾಚಿನಲ್ಲಿ ಕೊಂಬಿನ ಗೂಬೆ ಕಾಣಿಸಿಕೊಳ್ಳುತ್ತದೆ. ಕಿತ್ತಳೆ ಬಣ್ಣದ ಕಣ್ಣು, ತಲೆಯ ಮೇಲೆ ಕೊಂಬಿನಂಥ ಗರಿ, ‘ಬು-ಹೂ’ ಎಂಬ ಗಂಭೀರ ದನಿ. ಮನೆ ಮಾಡುವುದು ಬಂಡೆಯಲ್ಲಿ, ಬೇಟೆಗೆ ಇಳಿಯುವುದು ಹೊಲಗದ್ದೆಗೆ. ಜೀರ್ಣವಾಗದ ಮೂಳೆ, ಕೂದಲನ್ನು ಗೂಬೆ ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಆ ಉಂಡೆಗಳನ್ನು ಬಿಡಿಸಿ ತಲೆಬುರುಡೆ, ದವಡೆಗಳನ್ನು ಗುರುತಿಸಿದ ಸಂಶೋಧಕರು ಅದರ ಆಹಾರದಲ್ಲಿ ಇಲಿ, ಹೆಗ್ಗಣಗಳದೇ ದೊಡ್ಡ ಪಾಲೆಂದು ಕಂಡುಕೊಂಡಿದ್ದಾರೆ. ಕಬ್ಬಿನ ಬುಡ ಕಡಿಯುವ ಇಲಿಯಿಂದ ಕಂಗೆಟ್ಟ ರೈತನಿಗೆ ಗುಡ್ಡದಿಂದ ಸಂಬಳವಿಲ್ಲದೆ ಬರುವ ಕಾವಲುಗಾರ ಇದು. ಇಂಥ ಹಕ್ಕಿಯನ್ನು ಅಪಶಕುನವೆಂದು ಕಲ್ಲು ಹೊಡೆಯುವುದು, ಮಾಟಮಂತ್ರದ ಹೆಸರಿನಲ್ಲಿ ಹಿಡಿದು ಮಾರುವುದು ಇಂದಿಗೂ ನಿಂತಿಲ್ಲ. ಇದು ಅಪರಾಧ, ನಮ್ಮ ಹೊಲಕ್ಕೆ ನಾವೇ ಮಾಡಿಕೊಳ್ಳುವ ನಷ್ಟ ಕೂಡ.

ಕತ್ತಲಾದ ಮೇಲೆ ನತ್ತಿಂಗ ಹಕ್ಕಿ ಕೂಗಲು ಶುರು ಮಾಡುತ್ತದೆ. ಕಲ್ಲುಹಾಸಿನ ಮೇಲೆ ಬಿದ್ದ ಗೋಲಿ ಪುಟಿಪುಟಿದು ನಿಲ್ಲುವಂತೆ ಅದರ ಕೂಗು: ‘ಚುಕ್, ಚುಕ್, ಚುಕ್‌ರ್‌ರ್’. ಹಗಲೆಲ್ಲ ತರಗೆಲೆ, ಕಲ್ಲುಗಳ ನಡುವೆ ಅದು ಕೂತಿದ್ದರೂ ಕಾಣುವುದಿಲ್ಲ, ಮೈಬಣ್ಣ ನೆಲದ್ದೇ. ರಾತ್ರಿ ಅಗಲವಾದ ಬಾಯಿ ತೆರೆದು ಹಾರುವ ಹುಳಗಳನ್ನು ಹಿಡಿಯುತ್ತದೆ. ಗೂಡು ಎಂಬುದೇ ಇಲ್ಲ, ಬರಿ ನೆಲದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ.

ಬೇಸಗೆಯಲ್ಲಿ ಈ ಗುಡ್ಡಗಳಿಗೆ ಬೀಳುವ ಬೆಂಕಿ ಅದಕ್ಕಾಗಿಯೇ ಇಷ್ಟು ಕ್ರೂರ. ಕರಿಘಟ್ಟದ ಒಣಹುಲ್ಲು ಮತ್ತೆ ಮತ್ತೆ ಉರಿದಿದೆ. ಒಂದು ಬೀಡಿಯ ತುದಿ ಸಾಕು. ಹುಲ್ಲು ಮುಂದಿನ ಮಳೆಗೆ ಚಿಗುರುತ್ತದೆ, ಆದ್ದರಿಂದ ನಷ್ಟವೇನೂ ಆಗಿಲ್ಲವೆಂದು ತೋರುತ್ತದೆ. ಆದರೆ ನತ್ತಿಂಗ, ಕೌಜುಗ, ಚಿಟ್ಟುಮಡಿವಾಳಗಳು ನೆಲದಲ್ಲೋ ನೆಲಕ್ಕೆ ಸಮೀಪದಲ್ಲೋ ಮೊಟ್ಟೆಯಿಡುವ ಕಾಲ ಬೇಸಗೆಯಲ್ಲೇ ಆರಂಭವಾಗುತ್ತದೆ. ಸುಟ್ಟ ಗುಡ್ಡವನ್ನು ಬೋಳು ಎಂದು ಕರೆದು ನೀಲಗಿರಿ, ಅಕೇಸಿಯಾ ನೆಡುವುದು ಇನ್ನೊಂದು ತಪ್ಪು. ಕಾರೆ, ಕಗ್ಗಲಿ, ತಂಗಡಿ, ಬಂದರಿಕೆ ಬೆಳೆದ ಗುಡ್ಡ ಬೋಳಲ್ಲ. ಅದೊಂದು ಪೂರ್ತಿ ಕಾಡು, ಎತ್ತರ ಮಾತ್ರ ಕಡಿಮೆ.

ಕರಿಘಟ್ಟಕ್ಕೋ ಮೇಲುಕೋಟೆಗೋ ಹೋಗುವಾಗ ದುರ್ಬೀನು ಒಯ್ಯಿರಿ, ಬೆಂಕಿಪೊಟ್ಟಣ ಬಿಟ್ಟುಹೋಗಿ. ದಾರಿ ಬಿಟ್ಟು ಹುಲ್ಲಿಗಿಳಿಯಬೇಡಿ, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಗಳನ್ನು ಕರೆಯಬೇಡಿ. ಕಂಡ ಹಕ್ಕಿಗಳನ್ನು ದಿನಾಂಕದೊಂದಿಗೆ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ನಲ್ಲಿ ದಾಖಲಿಸಿ. ಹೊಗೆ ಕಂಡರೆ ವಿಡಿಯೊ ಮಾಡುತ್ತ ನಿಲ್ಲದೆ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ.