ಲೆಫ್ಟ್ ಬಿಹೈಂಡ್: ಬಿಡದೆ ಓದಿದವರು, ಬಿಡದೆ ಬೈದವರು

ಷಿಕಾಗೊದಿಂದ ಲಂಡನ್ನಿಗೆ ಹೊರಟ 747 ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಹಾರುತ್ತಿದೆ. ರಾತ್ರಿ ಹೊತ್ತು. ಕ್ಯಾಪ್ಟನ್ ರೇಫರ್ಡ್ ಸ್ಟೀಲ್‌ನ ಮನಸ್ಸು ಮನೆಯಲ್ಲಿರುವ ಹೆಂಡತಿಯನ್ನು ಬಿಟ್ಟು ಗಗನಸಖಿ ಹ್ಯಾಟಿಯ ಸುತ್ತ ಸುಳಿಯುತ್ತಿದೆ. ಅದೇ ಹ್ಯಾಟಿ ಗಾಬರಿಯಿಂದ ಬಂದು, ಎಷ್ಟೋ ಪ್ರಯಾಣಿಕರು ಕಾಣೆಯಾಗಿದ್ದಾರೆ ಎನ್ನುತ್ತಾಳೆ. ತೊಟ್ಟ ಬಟ್ಟೆಗಳು ಸೀಟಿನ ಮೇಲೇ ಬಿದ್ದಿವೆ, ತೊಟ್ಟವರು ಇಲ್ಲ. ಭೂಮಿಯ ಮೇಲೂ ಅದೇ ಕಥೆ: ನಿಜವಾದ ವಿಶ್ವಾಸಿಗಳು ಮತ್ತು ಎಲ್ಲ ಎಳೆಯ ಮಕ್ಕಳು ಒಂದೇ ಗಳಿಗೆಯಲ್ಲಿ ಮಾಯ.

1995ರಲ್ಲಿ ಹೊರಬಂದ 'ಲೆಫ್ಟ್ ಬಿಹೈಂಡ್' ಕಾದಂಬರಿ ಶುರುವಾಗುವುದು ಹೀಗೆ. ಟಿಮ್ ಲಾಹೇ ಮತ್ತು ಜೆರಿ ಜೆಂಕಿನ್ಸ್ ಜೋಡಿ 2007ರ ವೇಳೆಗೆ ಇದನ್ನು ಹದಿನಾರು ಪುಸ್ತಕಗಳಿಗೆ ಬೆಳೆಸಿತು. ಮಾರಾಟವಾದ ಪ್ರತಿಗಳು 6 ಕೋಟಿಗೂ ಹೆಚ್ಚು. ಈ ಸರಣಿಯ ಬಗ್ಗೆ ಓದುಗರು ಹೇಳಿದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ ಅವರೆಲ್ಲ ಓದಿದ್ದು ಒಂದೇ ಪುಸ್ತಕವೇ ಎಂಬ ಅನುಮಾನ ಬರುತ್ತದೆ. ಒಬ್ಬರಿಗೆ ಅದು ನಿದ್ದೆಗೆಡಿಸಿದ ಥ್ರಿಲ್ಲರ್, ಇನ್ನೊಬ್ಬರಿಗೆ ಬದುಕು ಬದಲಿಸಿದ ಎಚ್ಚರಿಕೆ, ಮತ್ತೊಬ್ಬರಿಗೆ ಬೈಬಲ್ಲಿಗೆ ಮಾಡಿದ ಅಪಚಾರ. ನನ್ನ ಮಟ್ಟಿಗೆ ಈ ಜಗಳದ ಬೇರು ಕಾದಂಬರಿಯ ಒಳಗಿಲ್ಲ. ಅದು ಓದುಗರ ಕೈಗೆ ಬಂದ ದಾರಿಯಲ್ಲಿದೆ.

ಆ ದಾರಿ ಐರ್ಲೆಂಡಿನಿಂದ ಆರಂಭವಾಗುತ್ತದೆ. ಆಂಗ್ಲಿಕನ್ ಪಾದ್ರಿಯಾಗಿದ್ದ ಜಾನ್ ನೆಲ್ಸನ್ ಡಾರ್ಬಿ ತನ್ನ ಸಭೆಯನ್ನು ತೊರೆದು ಪ್ಲಿಮತ್ ಬ್ರೆದ್ರೆನ್ ಗುಂಪಿನ ಮುಂದಾಳಾದವನು. 1830ರ ದಶಕದಲ್ಲಿ ಆತ ಕ್ರಿಸ್ತನ ಎರಡನೆಯ ಬರೋಣವನ್ನು ಎರಡು ಹಂತವಾಗಿ ವಿವರಿಸತೊಡಗಿದ. ಮೊದಲು ವಿಶ್ವಾಸಿಗಳನ್ನು ಗುಟ್ಟಾಗಿ ಆಕಾಶಕ್ಕೆ ಎತ್ತಿಕೊಳ್ಳಲಾಗುತ್ತದೆ. ಬಳಿಕ ಏಳು ವರ್ಷ ಮಹಾಸಂಕಟ, ಕ್ರಿಸ್ತವಿರೋಧಿಯ ಆಳ್ವಿಕೆ. ಕೊನೆಗೆ ಕ್ರಿಸ್ತನ ಬಹಿರಂಗ ಆಗಮನ. ಥೆಸಲೋನಿಕದವರಿಗೆ ಪೌಲ ಬರೆದ ಮೊದಲ ಪತ್ರದ ಒಂದು ಮಾತು, ದಾನಿಯೇಲನ ಪುಸ್ತಕದ ಒಂದು ಲೆಕ್ಕ, ಬೈಬಲ್ಲಿನ 'ಪ್ರಕಟನೆ' ಪುಸ್ತಕದ ದರ್ಶನಗಳು, ಇವನ್ನೆಲ್ಲ ಹೊಲಿದು ಮಾಡಿದ ವೇಳಾಪಟ್ಟಿ ಅದು. ಕ್ಯಾಥೊಲಿಕರು, ಆರ್ಥೊಡಾಕ್ಸರು, ಲೂಥರನರು ಈ ವೇಳಾಪಟ್ಟಿಯನ್ನು ಒಪ್ಪಿದವರಲ್ಲ. ನಮ್ಮಲ್ಲೂ ಮಂಗಳೂರಿನ ಕ್ಯಾಥೊಲಿಕರಿಗೆ ಇದು ಹೊರಗಿನ ಮಾತು. ಬೆಂಗಳೂರಿನ ಪೆಂಟೆಕೋಸ್ಟ್ ಸಭೆಗಳಲ್ಲಾದರೆ 'ಎತ್ತಲ್ಪಡುವಿಕೆ'ಯ ಪ್ರಸಂಗ ಹೊಸದೇನಲ್ಲ.

ಡಾರ್ಬಿಯ ವಿಚಾರವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದು ಸೈರಸ್ ಸ್ಕೋಫೀಲ್ಡ್. 1909ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿದ ಅವನ ಬೈಬಲ್ಲಿನಲ್ಲಿ ಮೇಲೆ ವಚನ, ಅದೇ ಪುಟದ ಕೆಳಗೆ ಅವನ ಟಿಪ್ಪಣಿ. ಓದುತ್ತ ಓದುತ್ತ ಎರಡಕ್ಕೂ ಒಂದೇ ತೂಕ ಬಂದುಬಿಟ್ಟಿತು. ಮುಂದೆ 1970ರಲ್ಲಿ ಹಾಲ್ ಲಿಂಡ್ಸೆ 'ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ಥ್' ಬರೆದು, ಶೀತಲ ಸಮರದ ಸುದ್ದಿಗಳನ್ನೆಲ್ಲ ಆ ವೇಳಾಪಟ್ಟಿಗೆ ಜೋಡಿಸಿದ. ಎರಡು ವರ್ಷದ ಬಳಿಕ 'ಎ ಥೀಫ್ ಇನ್ ದಿ ನೈಟ್' ಎಂಬ ಸಣ್ಣ ಬಜೆಟ್ಟಿನ ಚಿತ್ರ ಬಂತು. ಅದನ್ನು ಚರ್ಚುಗಳಲ್ಲಿ ಪರದೆ ಕಟ್ಟಿ ತೋರಿಸಿದರು. ಒಂದು ತಲೆಮಾರಿನ ಹುಡುಗರು ಬೆಚ್ಚಿಬಿದ್ದರು. 'ಲೆಫ್ಟ್ ಬಿಹೈಂಡ್' ಬರುವ ಹೊತ್ತಿಗೆ ಅದರ ಓದುಗರಿಗೆ ಕಥೆಯ ಮೂಲ ಚೌಕಟ್ಟು ಬಾಯಿಪಾಠವಾಗಿತ್ತು. ಮುಂದೇನಾಗುತ್ತದೆ ಎಂಬುದು ಅವರಿಗೆ ಗೊತ್ತಿದ್ದದ್ದೇ, ಅದು ಯಾರ ಮನೆಯಲ್ಲಿ ಹೇಗೆ ಆಗುತ್ತದೆ ಎಂಬುದೇ ಕುತೂಹಲ.

ಲಾಹೇ ಸ್ಯಾನ್ ಡಿಯೇಗೊದಲ್ಲಿ ಬಹುಕಾಲ ಸಭಾಪಾಲಕರಾಗಿದ್ದವರು, ಬಲಪಂಥೀಯ ಕ್ರೈಸ್ತ ರಾಜಕಾರಣದ ಸೂತ್ರಧಾರರಲ್ಲಿ ಒಬ್ಬರು. ಕಥೆ ಹೊಳೆದದ್ದು ವಿಮಾನದಲ್ಲಿ ಎಂದು ಅವರೇ ಹೇಳಿಕೊಂಡಿದ್ದರು: ಮದುವೆಯ ಉಂಗುರ ತೊಟ್ಟಿದ್ದ ಪೈಲಟ್ಟೊಬ್ಬ ಗಗನಸಖಿಯ ಜೊತೆ ಸರಸವಾಡುವುದು ಕಂಡಿತಂತೆ, ಈ ಕ್ಷಣವೇ ವಿಶ್ವಾಸಿಗಳು ಎತ್ತಲ್ಪಟ್ಟರೆ ಇವನ ಗತಿಯೇನು ಎಂದು ಯೋಚನೆ ಬಂತಂತೆ. ಆದರೆ ಅವರಿಗೆ ಕಾದಂಬರಿ ಬರೆಯುವ ಕಸುಬು ಗೊತ್ತಿರಲಿಲ್ಲ. ಜೆಂಕಿನ್ಸ್‌ಗೆ ಗೊತ್ತಿತ್ತು. ಆಟಗಾರರ ಆತ್ಮಕಥೆಗಳನ್ನು ಬರೆದುಕೊಟ್ಟು ಕೈ ಪಳಗಿದ್ದ ಅವರು, ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಆತ್ಮಕಥೆಗೂ ನೆರವಾದವರು. ಪ್ರವಾದನೆಯ ಟಿಪ್ಪಣಿ ಲಾಹೇಯದು, ಬರವಣಿಗೆ ಪೂರ್ತಿ ಜೆಂಕಿನ್ಸ್‌ರದು. ಒಂದೇ ಪುಸ್ತಕದಲ್ಲಿ ಏಳು ವರ್ಷದ ಕಥೆ ಮುಗಿಸುವ ಅಂದಾಜಿತ್ತು. ಬರೆಯುತ್ತ ಹೋದರೆ ಮೊದಲ ಪುಸ್ತಕದಲ್ಲಿ ಎರಡು ವಾರವಷ್ಟೇ ಕಳೆದಿತ್ತು!

ಪ್ರಕಾಶಕರು ಇಲಿನಾಯ್ ರಾಜ್ಯದ ಟಿಂಡೇಲ್ ಹೌಸ್, ಸರಳ ಇಂಗ್ಲಿಷಿನ 'ಲಿವಿಂಗ್ ಬೈಬಲ್'ಗೆ ಹೆಸರಾದ ಸಂಸ್ಥೆ. ಮೊದಮೊದಲು ಪುಸ್ತಕ ಹರಡಿದ್ದು ಕ್ರೈಸ್ತ ಪುಸ್ತಕದಂಗಡಿಗಳ ಮೂಲಕ, ಅದಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ. ನ್ಯೂಯಾರ್ಕ್ ಟೈಮ್ಸ್‌ನ ಪಟ್ಟಿ ಅಂಥ ಅಂಗಡಿಗಳನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಗಿದ್ದೂ 2000ದಲ್ಲಿ ಏಳನೆಯ ಪುಸ್ತಕ 'ದಿ ಇನ್‌ಡ್ವೆಲಿಂಗ್' ಅದೇ ಪಟ್ಟಿಯ ತುದಿಗೇರಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಬೇಡಿಕೆ ಇನ್ನೂ ಏರಿ, 'ಡೆಸಿಕ್ರೇಷನ್' ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಗಟ್ಟಿರಟ್ಟಿನ ಕಾದಂಬರಿಯಾಯಿತು. ವರ್ಷ ವರ್ಷ ಆ ಜಾಗದಲ್ಲಿ ಕೂರುತ್ತಿದ್ದ ಜಾನ್ ಗ್ರಿಶಮ್ ಎದ್ದು ಜಾಗ ಬಿಡಬೇಕಾಯಿತು.

ಯಾರು ಓದುತ್ತಿದ್ದರು? 2004ರಲ್ಲಿ ನ್ಯೂಸ್‌ವೀಕ್ ಕೊಟ್ಟ ಚಿತ್ರ ಇದು: ದಕ್ಷಿಣ ರಾಜ್ಯಗಳ, ಮದುವೆಯಾಗಿ ಮಕ್ಕಳಿರುವ, 44 ವರ್ಷದ ಇವ್ಯಾಂಜೆಲಿಕಲ್ ಕ್ರೈಸ್ತ ಮಹಿಳೆ. ಶೇ 71ರಷ್ಟು ಓದುಗರು ದಕ್ಷಿಣ ಮತ್ತು ಮಧ್ಯಪಶ್ಚಿಮದವರು, ಈಶಾನ್ಯ ರಾಜ್ಯಗಳವರು ಬರೀ ಶೇ 6. ಅಂದರೆ ಪುಸ್ತಕ ವಿಮರ್ಶಕರು ಬದುಕುವ ಸೀಮೆಯಲ್ಲಿ ಇದನ್ನು ಓದುವವರೇ ಇರಲಿಲ್ಲ ಎನ್ನಬಹುದು.

ಈ ಓದುಗರ ಮನೆಬಾಗಿಲಿಗೆ ಹೋಗಿ ಕೂತು ಕೇಳಿದವರು ಏಮಿ ಜಾನ್ಸನ್ ಫ್ರೈಕ್‌ಹೋಮ್. ಅವರ 'ರ್‍ಯಾಪ್ಚರ್ ಕಲ್ಚರ್' 2004ರಲ್ಲಿ ಬಂತು, ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಪುಸ್ತಕ ಅದೇ. ಒಂಟಿಯಾಗಿ ಕೊಂಡು ಒಂಟಿಯಾಗಿ ಓದುವ ಪದ್ಧತಿ ಈ ಓದುಗರಲ್ಲಿ ಕಡಿಮೆ ಎಂದು ಅವರು ಕಂಡರು. ಅಮ್ಮ ಮಗಳಿಗೆ ಕೊಡುತ್ತಾಳೆ, ಮಗಳು ಗೆಳತಿಗೆ, ಗೆಳತಿ ಚರ್ಚಿಗೆ ಬಾರದ ಗಂಡನಿಗೆ. ಒಪ್ಪಿದವರೂ ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪಿದವರಲ್ಲ. ತಮಗೆ ಬೇಕಾದಷ್ಟು ಹಿಡಿದು ಉಳಿದದ್ದನ್ನು 'ಇದು ಕಥೆ ಅಷ್ಟೇ' ಎಂದು ಬದಿಗಿಡುತ್ತಾರೆ. ಓದಿ ರಕ್ಷಣೆ ಹೊಂದಿದೆವು ಎಂದವರ ಅನುಭವಗಳನ್ನು ಲಾಹೇ ಮತ್ತು ಜೆಂಕಿನ್ಸ್ 2003ರಲ್ಲಿ ಬೇರೆ ಪುಸ್ತಕವಾಗಿಯೇ ತಂದರು. ಆದರೂ ಬಹುಪಾಲು ಓದುಗರು ಮೊದಲೇ ನಂಬಿದ್ದವರು. ಅವರ ಚಿಂತೆ ತಮ್ಮದಲ್ಲ, ನಂಬದೆ ಉಳಿದ ಅಣ್ಣನದು, ಅಪ್ಪನದು.

ಇನ್ನು ಬೈದವರು. ಗದ್ಯ ಸಪ್ಪೆ, ಪಾತ್ರಗಳು ರಟ್ಟಿನ ಬೊಂಬೆಗಳು ಎಂಬ ಮಾತಿಗೆ ಜೆಂಕಿನ್ಸ್ ಬೇಸರಪಟ್ಟುಕೊಳ್ಳಲಿಲ್ಲ. ಓದಲು ಕಷ್ಟವಾಗುವಂಥ ಪುಸ್ತಕ ಬರೆಯುವಷ್ಟು ಜಾಣತನ ನನಗೂ ಇದ್ದಿದ್ದರೆ ಎಂಬರ್ಥದ ಕುಚೋದ್ಯದಲ್ಲಿ ಅವರು ಅದನ್ನು ತೇಲಿಸಿದರು. ತೇಲಿಸಲಾಗದ ಟೀಕೆ ಬಂದದ್ದು ಸ್ವತಃ ಇವ್ಯಾಂಜೆಲಿಕಲ್ ಆದ ಫ್ರೆಡ್ ಕ್ಲಾರ್ಕ್‌ನಿಂದ. 2003ರಿಂದ ಆತ ಪುಟಪುಟವನ್ನೂ ಹಿಡಿದು ವರ್ಷಗಟ್ಟಲೆ ಜರಡಿ ಆಡಿದ. ಜಗತ್ತಿನ ಮಕ್ಕಳೆಲ್ಲ ಮಾಯವಾಗಿದ್ದಾರೆ. ಆದರೆ ಕಥೆಯ ಜನ ಫೋನ್ ಸಿಗಲಿಲ್ಲ, ಟಿಕೆಟ್ ಸಿಗಲಿಲ್ಲ ಎಂದು ಪೇಚಾಡುತ್ತಾರೆ. ಬೀದಿ ಬೀದಿಯಲ್ಲಿ ಏಳಬೇಕಾದ ತಾಯಂದಿರ ಗೋಳು ಎಲ್ಲಿ ಎಂದು ಅವನ ಪ್ರಶ್ನೆ. ಪತ್ರಕರ್ತ ಬಕ್ ವಿಲಿಯಮ್ಸ್ ಆ ಗಲಿಬಿಲಿಯಲ್ಲೂ ವಿಮಾನದ ಫೋನ್ ಬಿಚ್ಚಿ ಲ್ಯಾಪ್‌ಟಾಪ್ ಜೋಡಿಸುವ ಪ್ರಸಂಗ ಓದಿದ ಮೇಲೆ ಕ್ಲಾರ್ಕ್ ಮಾತು ನನಗಂತೂ ಸರಿ ಎನಿಸಿತು.

ದೇವಶಾಸ್ತ್ರದ ದೂರು ಬೇರೆ. ಲೂಥರನ್ ವಿದ್ವಾಂಸೆ ಬಾರ್ಬರಾ ರಾಸಿಂಗ್ 'ಪ್ರಕಟನೆ'ಯನ್ನು ಭಯದ ಪುಸ್ತಕ ಮಾಡಿದ್ದಕ್ಕೆ ಸಿಡಿದೆದ್ದರು. ಕಥೆಯಲ್ಲಿ ಪೋಪ್ ಕೂಡ ಎತ್ತಲ್ಪಡುತ್ತಾರೆ. ಆದರೆ ಅವರು ಮಾರ್ಟಿನ್ ಲೂಥರನ ಬೋಧನೆಯತ್ತ ವಾಲಿದ್ದವರಂತೆ! ಇದನ್ನು ಕ್ಯಾಥೊಲಿಕರು ಸಹಿಸುವುದು ಹೇಗೆ? ಯೆಹೂದ್ಯರು ಕೊನೆಗೆ ಕ್ರಿಸ್ತನನ್ನು ಒಪ್ಪುವುದಕ್ಕೆಂದೇ ಕಥೆಯಲ್ಲಿರುವುದು ಅವರನ್ನು ನೋಯಿಸಿತು. ಹನ್ನೆರಡನೆಯ ಪುಸ್ತಕದಲ್ಲಿ ಕ್ರಿಸ್ತನ ಬಾಯ ಮಾತಿಗೇ ವೈರಿಗಳ ಮೈ ಸೀಳಿ ರಕ್ತ ಹರಿಯುವುದನ್ನು ಪತ್ರಕರ್ತ ನಿಕೊಲಸ್ ಕ್ರಿಸ್ಟಾಫ್ 2004ರಲ್ಲಿ ಕಟುವಾಗಿ ಖಂಡಿಸಿದರು. ಅದೇ ವರ್ಷ ಹ್ಯಾಂಕ್ ಹ್ಯಾನೆಗ್ರಾಫ್ ಎಂಬ ಇವ್ಯಾಂಜೆಲಿಕಲ್ ಲೇಖಕ, 'ಪ್ರಕಟನೆ'ಯ ಬಹುಪಾಲು ರೋಮನರ ಕಾಲದಲ್ಲೇ ನಡೆದುಹೋದದ್ದು ಎಂದು ಸಾರುವ ಕಾದಂಬರಿ ಬರೆದ. ಅದನ್ನು ಪ್ರಕಟಿಸಿದ್ದು ಯಾರು ಬಲ್ಲಿರಾ? ಅದೇ ಟಿಂಡೇಲ್ ಹೌಸ್. ಲಾಹೇ ಕೆರಳಿದ್ದರಲ್ಲಿ ಆಶ್ಚರ್ಯವೇನಿದೆ.

ಈ ಕಥೆಯಿಂದ ಹುಟ್ಟಿದ ಚಲನಚಿತ್ರಗಳ ವಿಷಯ ಹೆಚ್ಚು ಹೇಳುವಂತಿಲ್ಲ. 2000ದ ಚಿತ್ರದ ಬಗ್ಗೆ ಲಾಹೇ ಕೋರ್ಟಿಗೇ ಹೋದರು. 2014ರಲ್ಲಿ ನಿಕೊಲಸ್ ಕೇಜ್ ಪೈಲಟ್ಟಾಗಿ ನಟಿಸಿದ ಚಿತ್ರವನ್ನು ವಿಮರ್ಶಕರು ಹುರಿದು ಮುಕ್ಕಿದರು. ಲಾಹೇ 2016ರಲ್ಲಿ ತೀರಿಕೊಂಡರು.

ಈಗ ಮಾತಾಡುತ್ತಿರುವ ಓದುಗರು ಬೇರೆಯವರು. 1998ರಿಂದ ಹೊರಬಂದ ಮಕ್ಕಳ ಸರಣಿಯಲ್ಲೇ ನಲವತ್ತು ಪುಸ್ತಕಗಳಿದ್ದವು. ಅವನ್ನು ಓದಿ ಬೆಳೆದ ಹಲವರು, ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ ತಮ್ಮನ್ನು ಬಿಟ್ಟು ಎಲ್ಲರೂ ಎತ್ತಲ್ಪಟ್ಟರೆಂದು ಅತ್ತದ್ದನ್ನು ಹೇಳುತ್ತಾರೆ. ಕೆಲವರು ಆ ಭಯ ಕಳೆದುಕೊಳ್ಳಲು ಸಭೆಯನ್ನೇ ಬಿಟ್ಟರು. ಕೆಲವರು ವಿಶ್ವಾಸ ಉಳಿಸಿಕೊಂಡು ವೇಳಾಪಟ್ಟಿಯನ್ನು ಮಾತ್ರ ಕೈಬಿಟ್ಟರು. ಇನ್ನೂ ಕೆಲವರಿಗೆ ಅದು ಇವತ್ತಿಗೂ ಪ್ರೀತಿಯ ಸರಣಿ, ತಮ್ಮ ಮಕ್ಕಳಿಗೂ ಕೊಡುತ್ತಾರೆ. ಅಭಿಮಾನಿಗಳ ಬಾಯಲ್ಲೂ ಕೇಳಿಬರುವ ದೂರೊಂದಿದೆ: ಕ್ರಿಸ್ತವಿರೋಧಿ ನಿಕೊಲಾಯ್ ಕಾರ್ಪೇಥಿಯ ಸತ್ತು ಮತ್ತೆ ಎದ್ದ ಮೇಲೆ ಕಥೆ ಎಳೆದೂ ಎಳೆದೂ ಹಿಗ್ಗಿತು, ಆರು ಪುಸ್ತಕದಲ್ಲಿ ಲೋಕ ಮುಗಿಸಬಹುದಿತ್ತು.